ಹೋಗುವಾಗ 16 ಗಂಟೆ, ಬರುವಾಗ ಜಾಸ್ತಿ ಏಕೆ?

ಪ್ರಶ್ನೆ: ಮಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾಳೆ. ಬೆಂಗಳೂರಿನಿಂದ ಎಷ್ಟು ದೂರ? ನೇರ ವಿಮಾನದಲ್ಲಿ ಹೋಗಲು 16 ಗಂಟೆ, ಬರಲು ಅದಕ್ಕಿಂತ ಜಾಸ್ತಿ ಎನ್ನುತ್ತಾರೆ. ದೂರ ಒಂದೇ ಅಲ್ವಾ?
– ಓದುಗರು, ಶಿವಮೊಗ್ಗ

ಉತ್ತರ: ದೂರ ಒಂದೇ ಅಮ್ಮ, ಸುಮಾರು 14,000 ಕಿ.ಮೀ. ಮೊಮ್ಮಕ್ಕಳ ಗ್ಲೋಬ್ ಇದ್ದರೆ ಎರಡು ಊರಿನ ನಡುವೆ ದಾರ ಬಿಗಿಯಾಗಿ ಎಳೆದು ನೋಡಿ. ಅದು ಪೆಸಿಫಿಕ್ ಸಾಗರದ ನಡುವೆ ಹೋಗುವುದಿಲ್ಲ. ಚೀನಾ, ಸೈಬೀರಿಯಾ, ಅಲಾಸ್ಕಾ ಕಡೆಯಿಂದ ಮೇಲೇರಿ ಇಳಿಯುತ್ತದೆ. ಅದೇ ಹತ್ತಿರದ ದಾರಿ. ಆದರೆ ಪೈಲಟ್‌ಗಳು ಗಾಳಿಯನ್ನೂ ನೋಡಬೇಕು. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಜೆಟ್ ಸ್ಟ್ರೀಮ್ ಎನ್ನುವುದು ಇದನ್ನೇ. ಪೂರ್ವಕ್ಕೆ ಹೊರಟ ವಿಮಾನವನ್ನು ಅದು ತಳ್ಳುತ್ತದೆ. ವಾಪಸು ಬರುವಾಗ ಎದುರಾಗುತ್ತದೆ, ಇಲ್ಲವೇ ಅದನ್ನು ತಪ್ಪಿಸಿ ಬೇರೆ ದಾರಿ ಹಿಡಿಯಬೇಕಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದಲೇ ಬಂದಿಳಿಯಿತು. ಅದಕ್ಕೆ ಹಿಡಿದದ್ದು ಸುಮಾರು 17 ಗಂಟೆ. ನನಗೆ ಇಂದಿಗೂ ಹೆಮ್ಮೆಯ ಸಂಗತಿ ಅದು.

ಇನ್ನೊಂದು ಮಾತು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ 12 ಗಂಟೆ 30 ನಿಮಿಷ ಹಿಂದೆ. ಭಾನುವಾರ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೂ ಇಳಿಯುವುದು ಅದೇ ಭಾನುವಾರ ಸಂಜೆ 5.30ಕ್ಕೆ! ಮಾತ್ರೆಯನ್ನು ಯಾವ ಗಡಿಯಾರ ನೋಡಿ ತೆಗೆದುಕೊಳ್ಳಬೇಕೆಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ನಡುವೆ ಎಲ್ಲಾದರೂ ವಿಮಾನ ಬದಲಿಸುವುದಾದರೆ ಒಟ್ಟು 20 ಗಂಟೆ ದಾಟುತ್ತದೆ. ಓಡಾಡಲು ಅನುಕೂಲವಾಗುವಂತೆ ನಡುದಾರಿ ಪಕ್ಕದ ಸೀಟನ್ನೇ ಕೇಳಿ ಪಡೆಯಿರಿ.