ಇಲಿಗೆ ಆಟಿಸಂ ಬರುತ್ತಾ? ಅದರ ಭಯ ಅಳೆದರೆ ಏನು ಗೊತ್ತಾಗುತ್ತೆ?

ಇಲಿಗೆ ಆಟಿಸಂ ಬರುವುದಿಲ್ಲ. ಆಟಿಸಂಗೆ ನಂಟಿರುವ ಒಂದು ಜೀನ್ ಕೆಲಸ ಮಾಡದಂತೆ ಮಾಡಿದ ಇಲಿಯನ್ನೋ, ತಾಯಿಯ ಹೊಟ್ಟೆಯಲ್ಲಿದ್ದಾಗ ವಾಲ್ಪ್ರೊಯೇಟ್ ಎಂಬ ಫಿಟ್ಸ್ ಔಷಧಿ ತಾಗಿದ ಇಲಿಯನ್ನೋ ಆಟಿಸಂ ಅಧ್ಯಯನದ 'ಮಾದರಿ' ಅಂತಾರೆ, ಅಷ್ಟೇ. ಗರ್ಭಿಣಿಯರು ಆ ಔಷಧಿ ತೆಗೆದುಕೊಂಡರೆ ಮಗುವಿಗೆ ಆಟಿಸಂ ಬರುವ ಸಾಧ್ಯತೆ ಜಾಸ್ತಿ. (ಇದನ್ನು ಓದಿ ಯಾರೂ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.)

ಭಯ ಅಳೆಯುವ ಪ್ರಯೋಗ ಸರಳ. ಪೆಟ್ಟಿಗೆಯೊಳಗೆ ಒಂದು ಸದ್ದು, ಅದರ ಬೆನ್ನಿಗೇ ಪಾದಕ್ಕೆ ಸಣ್ಣ ಶಾಕ್. ಮರುದಿನ ಸದ್ದು ಮಾತ್ರ. ಇಲಿ ಇದ್ದಲ್ಲೇ ಮರಗಟ್ಟಿ ನಿಲ್ಲುತ್ತದೆ. ಮೀಸೆ ಕೂಡ ಅಲುಗುವುದಿಲ್ಲ, ಉಸಿರಿಗೆ ಪಕ್ಕೆ ಏರಿಳಿಯುವುದಷ್ಟೇ ಕಾಣುತ್ತದೆ. ಹೀಗೆ ಎಷ್ಟು ಹೊತ್ತು ನಿಂತಿತು ಅನ್ನುವುದೇ ಭಯದ ಅಳತೆ. ಇಂಥ ವಿಡಿಯೋ ನೋಡಿ ಸೆಕೆಂಡು ಎಣಿಸುವ ಕೆಲಸ ನಾನೂ ಮಾಡಿದ್ದೇನೆ. ಕಣ್ಣು ಉರಿಯುತ್ತದೆ.

ಸದ್ದಿನ ಸುದ್ದಿ, ಶಾಕಿನ ಸುದ್ದಿ ಎರಡೂ ಬಂದು ಸೇರುವುದು ಮೆದುಳಿನೊಳಗಿನ ಅಮಿಗ್ಡಲಾ ಎಂಬ ಪುಟ್ಟ ಭಾಗದಲ್ಲಿ. ಅಲ್ಲಿಂದ ನಡುಮೆದುಳಿಗೆ ಆಜ್ಞೆ ಹೋದರೆ ದೇಹ ಮರಗಟ್ಟುತ್ತದೆ. ಬರೀ ಸದ್ದನ್ನೇ ಮತ್ತೆ ಮತ್ತೆ ಕೇಳಿಸಿದರೆ ಹಣೆಯ ಹಿಂದಿನ ಪ್ರಿಫ್ರಂಟಲ್ ಭಾಗ ನಿಧಾನಕ್ಕೆ ಅಮಿಗ್ಡಲಾಕ್ಕೆ ಬ್ರೇಕ್ ಹಾಕುತ್ತದೆ.

2008ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಕ್ರಮ್ ತಂಡ ಪ್ರಕಟಿಸಿದ್ದು ಹೀಗಿದೆ: ವಾಲ್ಪ್ರೊಯೇಟ್ ತಾಗಿದ ಇಲಿಗಳಿಗೆ ಭಯದ ನೆನಪು ಜಾಸ್ತಿ ಗಟ್ಟಿ, ಬೇರೆ ಸದ್ದಿಗೂ ಹೆದರುತ್ತವೆ, ಆ ಭಯ ಬೇಗ ಅಳಿಯುವುದೂ ಇಲ್ಲ. ಅವುಗಳ ಅಮಿಗ್ಡಲಾ ಸ್ವಲ್ಪ ಕೆಣಕಿದರೂ ಅತಿಯಾಗಿ ಸಿಡಿಯುತ್ತಿತ್ತು, ತಡೆಯುವ ಸಂಕೇತಗಳು ಕಡಿಮೆಯಿದ್ದವು. ನನಗೆ ಇಲ್ಲಿ ಮುಖ್ಯ ಅನಿಸುವುದು ಭಯದ ಪ್ರಮಾಣವಲ್ಲ, ಅದು ಸಂಬಂಧವಿಲ್ಲದ ಸದ್ದಿಗೂ ಹರಡಿದ್ದು.

ಹಾಗಂತ ಎಲ್ಲ ಮಾದರಿಗಳೂ ಒಂದೇ ಕಥೆ ಹೇಳಲ್ಲ. ಫ್ರಾಜೈಲ್ ಎಕ್ಸ್ ಎಂಬ, ಆಟಿಸಂ ಜೊತೆ ಹೆಚ್ಚಾಗಿ ಕಾಣುವ ಆನುವಂಶಿಕ ಕಾಯಿಲೆಯ ಮಾದರಿ ಇಲಿಯನ್ನೇ ನೋಡಿ. ಇದರಲ್ಲಿ ಎಫ್‌ಎಂಆರ್1 ಜೀನ್ ಕೆಲಸ ಮಾಡುವುದಿಲ್ಲ. 2010ರಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಅದರ ಅಮಿಗ್ಡಲಾದಲ್ಲಿ ನರಕೋಶಗಳ ನಡುವಿನ ಸಂಪರ್ಕ ದುರ್ಬಲವಾಗಿರುವುದನ್ನು ತೋರಿಸಿದರು. ಅಂದ್ರೆ ಮೇಲಿನದಕ್ಕೆ ಹೆಚ್ಚುಕಮ್ಮಿ ಉಲ್ಟಾ. ಇನ್ನೊಂದು ತೊಡಕೂ ಇದೆ. ಈ ಇಲಿಗಳು ಸಾಮಾನ್ಯವಾಗಿ ಅತ್ತಿತ್ತ ಓಡಾಡುವುದು ಜಾಸ್ತಿ. ಮರಗಟ್ಟುವುದು ಕಡಿಮೆಯಾದರೆ ಅದಕ್ಕೆ ಭಯ ಇಲ್ಲವೋ, ಸುಮ್ನೆ ನಿಲ್ಲೋಕೆ ಆಗ್ತಿಲ್ವೋ? ಸೆಕೆಂಡ್ ಲೆಕ್ಕದಲ್ಲಿ ಅದು ಗೊತ್ತಾಗಲ್ಲ.

ಇನ್ನು ಇಲಿಯಲ್ಲಿ ಫಲಿಸಿದ ಔಷಧಿ ಮನುಷ್ಯರಿಗೂ ಆಗುತ್ತಾ ಅನ್ನುವ ವಿಚಾರ. ಎಂಗ್ಲುಆರ್5 ಅನ್ನುವ ರಿಸೆಪ್ಟರನ್ನು (ನರಕೋಶದ ಮೇಲೆ ಸಂಕೇತ ಹಿಡಿಯುವ ಪ್ರೋಟೀನು) ತಡೆಯುವ ಔಷಧಿಗಳು ಇದೇ ಫ್ರಾಜೈಲ್ ಎಕ್ಸ್ ಇಲಿಗಳ ಹಲವು ತೊಂದರೆಗಳನ್ನು ಸರಿಪಡಿಸಿದ್ದವು. ಅವುಗಳಲ್ಲಿ ಮಾವೊಗ್ಲುರಾಂಟ್ ಎಂಬುದನ್ನು ಫ್ರಾಜೈಲ್ ಎಕ್ಸ್ ಇರುವ ಜನರಿಗೆ ಕೊಟ್ಟು ನೋಡಿದರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ನಡವಳಿಕೆಯಲ್ಲಿ, ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ.