ಒಬ್ಬಳೇ ಇದ್ದಾಗ ಬೀಳುತ್ತದೆ, ಸರ್ ನೋಡಿದರೆ ತಪ್ಪುತ್ತದೆ

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ಕ್ಲಾಸ್. ಬ್ಯಾಸ್ಕೆಟ್‌ಬಾಲ್ ಅಂದ್ರೆ ಪ್ರಾಣ. ದಿನಾ ಬೆಳಿಗ್ಗೆ ನೂರು ಶಾಟ್ ಹಾಕ್ತೀನಿ, ಅರವತ್ತಾದರೂ ಬೀಳುತ್ತೆ. ಆದರೆ ಹೋದ ವರ್ಷ ಸ್ಕೂಲ್ ಟೀಮಿನ ಸೆಲೆಕ್ಷನ್‌ನಲ್ಲಿ ಪಿಟಿ ಸರ್ ನೋಡ್ತಿದ್ದಾರೆ ಅಂತ ಕೈ ನಡುಗಿ, ಸುಲಭದ ಲೇಅಪ್ (ರಿಂಗ್ ಹತ್ತಿರ ಓಡಿಬಂದು ಜಿಗಿದು ಹಾಕೋ ಶಾಟ್) ಎರಡು ಸಲ ಮಿಸ್ ಮಾಡಿದೆ. ಟೀಮಿಗೆ ತಗೊಳ್ಳಲಿಲ್ಲ. ಈ ಸಲದ ಸೆಲೆಕ್ಷನ್‌ಗೆ ಮೂರು ವಾರ ಇದೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಟ ಬಂದ್ ಅಂತ ಅಪ್ಪ ಹೇಳಿದ್ದಾರೆ. ಇದೇ ಕೊನೇ ಚಾನ್ಸ್. ಮತ್ತೆ ಹಾಗೇ ಆದರೆ? ಹೋಗೋದೇ ಬೇಡ ಅನಿಸ್ತಿದೆ.
– ಓದುಗಾರ್ತಿ, ಮಂಡ್ಯ

ಉತ್ತರ: ಪುಟ್ಟಿ, ಖಂಡಿತ ಹೋಗು. ಹೋಗದಿದ್ದರೆ ಕೈ ನಡುಗುವುದಿಲ್ಲ, ನಿಜ. ಆದರೆ ಟೀಮಿನವರು ಜೆರ್ಸಿ ಹಾಕಿಕೊಂಡು ಕೋರ್ಟಿಗೆ ಇಳಿಯುವ ದಿನ ನೀನು ಕಟ್ಟೆಯ ಮೇಲೆ ಕೂತು ನೋಡಬೇಕಾಗುತ್ತದೆ. ಆ ಸಂಕಟ ಇದಕ್ಕಿಂತ ಜಾಸ್ತಿ.

ನಿನ್ನ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನೂರು ಶಾಟ್. ನೂರಕ್ಕೆ ಅರವತ್ತು ಹಾಕುವವಳಿಗೆ ಆಟ ಬರುವುದಿಲ್ಲ ಎಂದು ಯಾರೂ ಹೇಳಲಾರರು. ಆದರೆ ಆ ನೂರನ್ನು ಹೇಗೆ ಹಾಕುತ್ತೀಯ? ಒಬ್ಬಳೇ, ಒಂದೇ ಜಾಗದಲ್ಲಿ ನಿಂತು, ದಣಿವಿಲ್ಲದೆ. ಒಂದು ತಪ್ಪಿದರೆ ಇನ್ನೊಂದು ಇದ್ದೇ ಇದೆ. ಸೆಲೆಕ್ಷನ್ ದಿನ ಓಡಿ ಓಡಿ ಏದುಸಿರು ಬಂದಿರುತ್ತದೆ, ಸುತ್ತ ಎಲ್ಲರೂ ನೋಡುತ್ತಿರುತ್ತಾರೆ, ಸಿಗುವುದು ಒಂದೇ ಶಾಟ್. ಆ ಒಂದನ್ನು ನೀನು ಅಭ್ಯಾಸವೇ ಮಾಡಿಲ್ಲ. ಕೈ ನಡುಗಿದ್ದು ಅದಕ್ಕೆ. ನೀನು ಪುಕ್ಕಲಿ ಅಂತಲ್ಲ.

ನಾಳೆಯಿಂದ ನೂರನ್ನು ನಲವತ್ತಕ್ಕೆ ಇಳಿಸು. ಕೋರ್ಟಿನ ಈ ತುದಿಯಿಂದ ಆ ತುದಿಗೆ 28 ಮೀಟರ್. ಹೋಗಿ ಬಂದು ಎರಡು ಸುತ್ತು ಜೋರಾಗಿ ಓಡು. ಕೂಡಲೇ ಫ್ರೀ ಥ್ರೋ (ಎದುರಿನವರು ಫೌಲ್ ಮಾಡಿದಾಗ ಅಡ್ಡಿಯಿಲ್ಲದೆ ಹಾಕಲು ಸಿಗುವ ಶಾಟ್) ಗೆರೆಗೆ ಬಂದು ಎರಡೇ ಎರಡು ಶಾಟ್ ಹಾಕು. ಬಿದ್ದರೂ ತಪ್ಪಿದರೂ ಮತ್ತೆ ಓಟ. ನಿನ್ನ ಲೆಕ್ಕ ಮೊದಲಿಗಿಂತ ಕೆಳಗಿಳಿಯಬಹುದು, ಗಾಬರಿಯಾಗಬೇಡ. ಮ್ಯಾಚಿನಲ್ಲಿ ನಡೆಯುವ ಲೆಕ್ಕ ಅದೇ.

ಇನ್ನು ನೋಡುವವರ ವಿಷಯ. 2001ರಲ್ಲಿ ಸಿಯಾನ್ ಬೈಲಾಕ್, ಥಾಮಸ್ ಕಾರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಗಾಲ್ಫ್ ಚೆಂಡನ್ನು ಕುಳಿಗೆ ಹಾಕುವುದರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ವಿಡಿಯೊ ಕ್ಯಾಮೆರಾ ಮುಂದೆಯೇ ಕಲಿತವರು ಆಮೇಲೆ ಒತ್ತಡ ಬಂದಾಗ ಮುಗ್ಗರಿಸಲಿಲ್ಲ. ಯಾರೂ ನೋಡದೆ ಸುಮ್ನೆ ಕಲಿತವರು ಮುಗ್ಗರಿಸಿದರು. ನೋಡಿಸಿಕೊಳ್ಳುವುದಕ್ಕೂ ರೂಢಿ ಬೇಕು ಅಲ್ವಾ? ವಾರಕ್ಕೆ ಎರಡು ದಿನ ಅಪ್ಪನನ್ನೇ ಕರೆದುಕೊಂಡು ಹೋಗು. ರಿಂಗಿನ ಕೆಳಗೆ ನಿಂತು ಎಣಿಸಲಿ. ಮೊದಲ ದಿನ ಮುಜುಗರವಾಗುತ್ತದೆ, ಆಗಲಿ.

ಶಾಟ್‌ಗೆ ಮುಂಚೆ ದಿನವೂ ಒಂದೇ ಥರ ಮಾಡು: ಎರಡು ಸಲ ಚೆಂಡು ಬಡಿ, ಉಸಿರನ್ನು ನಿಧಾನವಾಗಿ ಹೊರಗೆ ಬಿಡು, ರಿಂಗ್ ಮೇಲೆ ಕಣ್ಣು ನಿಲ್ಲಿಸು, ಹಾಕು. ನಿಯಮದ ಪ್ರಕಾರ ಫ್ರೀ ಥ್ರೋಗೆ ಸಿಗುವ 5 ಸೆಕೆಂಡು ಇಷ್ಟಕ್ಕೆ ಧಾರಾಳ. ಕಣ್ಣು ನಿಲ್ಲಿಸುವುದನ್ನು ಬಿಡಬೇಡ. ಕೆನಡಾದ ಜೋನ್ ವಿಕರ್ಸ್ 1996ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ: ಫ್ರೀ ಥ್ರೋದಲ್ಲಿ ಪಳಗಿದ ಆಟಗಾರ್ತಿಯರ ನೋಟ ಶಾಟ್‌ಗೆ ಮುಂಚೆ ರಿಂಗ್ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಲೇಅಪ್ ತಪ್ಪಿದ ಆ ಗಳಿಗೆ ನೆನಪು ಮಾಡಿಕೋ. ನಿನ್ನ ಕಣ್ಣು ರಿಂಗಿನ ಹಿಂದಿನ ಬೋರ್ಡಿನ ಚೌಕದ ಮೇಲಿತ್ತಾ, ಸರ್ ಮುಖದ ಮೇಲಿತ್ತಾ? ಬಲಗೈಯವಳಾದರೆ ಬಲಗಡೆಯಿಂದ ಬಲಗಾಲು, ಎಡಗಾಲು, ಜಿಗಿತ, ಚೆಂಡು ಚೌಕದ ಬಲ ಮೇಲ್ಮೂಲೆಗೆ. ಮೊದಲ ವಾರ ನಡೆದುಕೊಂಡೇ ಮಾಡು, ಆಮೇಲೆ ಓಟ.

ನಾನೂ ಹೈಸ್ಕೂಲಿನಲ್ಲಿ ಆಡಿದವಳು. ಒಂದು ಶಾಟ್ ತಪ್ಪಿತು ಎಂದು ತಲೆ ಮೇಲೆ ಕೈ ಹೊತ್ತು ನಿಂತಿದ್ದೆ, ಅಷ್ಟರಲ್ಲಿ ಎದುರಿನವಳು ಓಡಿಹೋಗಿ ನಮ್ಮ ಕಡೆ ಬಾಸ್ಕೆಟ್ ಹಾಕಿದಳು. ಟೀಚರ್ ಬೈದದ್ದು ತಪ್ಪಿದ ಶಾಟ್‌ಗಲ್ಲ, ನಿಂತದ್ದಕ್ಕೆ. ಫ್ರೀ ಥ್ರೋದಲ್ಲಿ ಎತ್ತಿದ ಕೈಯಾದ ಅಮೆರಿಕದ ಆಟಗಾರ ಸ್ಟೀಫನ್ ಕರಿಗೂ ನೂರಕ್ಕೆ ಸುಮಾರು 9 ತಪ್ಪುತ್ತವೆ, ಅದೂ ಯಾರೂ ಅಡ್ಡ ಬರದಿದ್ದಾಗ. ಹಾಗಾಗಿ ನಿನ್ನದೂ ತಪ್ಪುತ್ತದೆ. ತಪ್ಪಿದ ಕೂಡಲೇ ತಿರುಗಿ ಡಿಫೆನ್ಸ್‌ಗೆ ಓಡು. ಎದುರಿನವಳನ್ನು ಬೆನ್ನಿನಿಂದ ತಡೆದು ರೀಬೌಂಡ್ (ರಿಂಗಿಗೆ ಬೀಳದೆ ಪುಟಿದು ಬಂದ ಚೆಂಡು) ಹಿಡಿ. ಎದುರಿನವಳೊಬ್ಬಳು ಜೊತೆಯವಳ ದಾರಿಗೆ ಅಡ್ಡ ನಿಲ್ಲಲು ಬಂದರೆ "ಸ್ಕ್ರೀನ್ ಬರ್ತಿದೆ" ಎಂದು ಅವಳಿಗೆ ಕೂಗಿ ಹೇಳು. ಇದಕ್ಕೆಲ್ಲ ಕೈ ನಡುಗಿದರೂ ಅಡ್ಡಿಯಿಲ್ಲ. ಟೀಮಿಗೆ 12 ಜನ ಬೇಕು, ಹನ್ನೆರಡೂ ಜನ ಶಾಟ್ ಹಾಕುವವರೇ ಆದರೆ ಆಟ ನಡೆಯುವುದಿಲ್ಲ. ಸೆಲೆಕ್ಷನ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು.

'ಕೊನೇ ಚಾನ್ಸ್' ಎಂಬ ಮಾತನ್ನು ಮಾತ್ರ ತಲೆಯಿಂದ ತೆಗೆ, ಅದು ನಿಜವಲ್ಲ. ಹತ್ತನೇ ಕ್ಲಾಸಿನವರೂ ಹೈಸ್ಕೂಲ್ ವಿಭಾಗದಲ್ಲಿ ಆಡುತ್ತಾರೆ. ಪಿಯುಸಿಗೆ ಹೋದ ಮೇಲೂ ಇಲಾಖೆಯ ಕ್ರೀಡಾಕೂಟಗಳಿವೆ. ಅಪ್ಪನ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಬೆಳಗಿನ ಒಂದು ಗಂಟೆ ಆಟ ಓದಿಗೆ ಶತ್ರುವಲ್ಲ. ಸೆಲೆಕ್ಷನ್ ಮುಗಿಯುವವರೆಗೆ ಈ ವಾದ ಬೇಡ. ಆಮೇಲೆ ಓದಿನ ವೇಳಾಪಟ್ಟಿ ಬರೆದು ಅವರ ಮುಂದಿಟ್ಟು ಕೇಳು. ಎಣಿಸಲು ಬಂದ ಅಪ್ಪ ಅಷ್ಟು ಹೊತ್ತಿಗೆ ನಿನ್ನ ಆಟವನ್ನೂ ಕಂಡಿರುತ್ತಾರೆ. ಈ ಸಲವೂ ಹೆಸರು ಬರದಿದ್ದರೆ ಅಳು ಬರುತ್ತದೆ, ಅತ್ತುಬಿಡು. ಮರುದಿನ ಸರ್ ಹತ್ತಿರ ಹೋಗಿ "ಏನು ಸರಿಮಾಡಿಕೊಳ್ಳಲಿ ಸರ್?" ಎಂದು ಕೇಳು.

ಹಾಂ, ಇನ್ನೊಂದು. ಹುಡುಗಿಯರ ಮ್ಯಾಚಿಗೆ 6ನೇ ಸೈಜಿನ ಚೆಂಡು, ಹುಡುಗರದ್ದು 7, ಅದು ದೊಡ್ಡದು, ಭಾರವೂ ಜಾಸ್ತಿ. ಸೆಲೆಕ್ಷನ್‌ಗೆ ಯಾವುದು ಕೊಡುತ್ತಾರೆ ಎಂದು ನಾಳೆಯೇ ಕೇಳಿ, ಅದರಲ್ಲೇ ಅಭ್ಯಾಸ ಮಾಡು. ಸಿಮೆಂಟ್ ಕೋರ್ಟಾದರೆ ಧೂಳಿಗೆ ಕಾಲು ಜಾರುತ್ತದೆ. ಬ್ಯಾಗಿನಲ್ಲಿ ಒಂದು ಒದ್ದೆ ಬಟ್ಟೆ ಇಟ್ಟುಕೋ, ಇಳಿಯುವ ಮುಂಚೆ ಶೂ ತಳ ಒರೆಸು.