ವರ್ಷಗಳ ನಂತರ ಹಲ್ಲಿನ ವೈದ್ಯರ ಬಳಿ ಹೋದರೆ ಏನು ಮಾಡುತ್ತಾರೆ?

ಏಳೆಂಟು ವರ್ಷ ತಪಾಸಣೆಗೆ ಹೋಗದವರು ಈಗ ಹೋದರೆ ವೈದ್ಯರು ಬೈದು, ಹಲ್ಲು ಕಿತ್ತೇ ಕಳಿಸುತ್ತಾರೆಂದು ನೀವು ಅಂಜಬೇಕಿಲ್ಲ. ತೀವ್ರ ನೋವು ಅಥವಾ ಕೀವು ಇಲ್ಲದಿದ್ದರೆ ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಪರೀಕ್ಷೆ, ಬೇಕೆನಿಸಿದರೆ ಎಕ್ಸ್-ರೇ, ಇಷ್ಟೇ ನಡೆಯುತ್ತದೆ. ಮಿಲಿಮೀಟರ್ ಗೆರೆಗಳಿರುವ ತೆಳುವಾದ ಕಡ್ಡಿಯನ್ನು ಹಲ್ಲು ಮತ್ತು ಒಸಡಿನ ಸಂದಿಗೆ ಮೆಲ್ಲನೆ ಇಳಿಸಿ ಆಳ ಅಳೆಯುತ್ತಾರೆ, 3 ಮಿ.ಮೀ. ಒಳಗಿದ್ದು ರಕ್ತ ಬರದಿದ್ದರೆ ಒಸಡು ಬಹುಮಟ್ಟಿಗೆ ಚೆನ್ನಾಗಿದೆ ಎಂದೇ ಅರ್ಥ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತವೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಜೊಲ್ಲಿನ ಗ್ರಂಥಿಗಳ ನಾಳ ಕೆಳಗಿನ ಮುಂಬಲ್ಲುಗಳ ಹಿಂದೆಯೇ ತೆರೆದುಕೊಳ್ಳುವುದರಿಂದ ಅಲ್ಲಿ ಪಾಚಿ ಸುಣ್ಣದಂತೆ ಗಟ್ಟಿಯಾಗಿ ಕೂಡುತ್ತದೆ. ಅದು ಒಸಡನ್ನೂ ಎಲುಬನ್ನೂ ಮೊದಲೇ ಸವೆಸಿದ್ದರೆ, ತೆಗೆದ ಮೇಲೆ ಆ ಸಡಿಲತೆ ಗೊತ್ತಾಗುತ್ತದೆಯೇ ಹೊರತು ಕ್ಲೀನಿಂಗ್‌ನಿಂದ ಅದು ಹುಟ್ಟುವುದಿಲ್ಲ. ಕೆಲವು ದಿನ ತಣ್ಣೀರಿಗೆ ಹಲ್ಲು ಜುಮ್ಮೆನ್ನುವುದು ಸಹಜ.

ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ, ಬಾಲ್ಯದಲ್ಲಿ ಆ ನೀರು ಕುಡಿದವರ ಹಲ್ಲಿನ ಕಂದು ಕಲೆ ಕ್ಲೀನಿಂಗ್‌ನಿಂದ ಹೋಗುವುದಿಲ್ಲ, ಅದಕ್ಕಾಗಿ ನಾಚಿಕೆಪಡಬೇಕಿಲ್ಲ.

ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಗುಟ್ಖಾ ಅಥವಾ ತಂಬಾಕಿನ ಅಭ್ಯಾಸ ಇದ್ದರೆ ಮುಚ್ಚಿಡದೆ ಹೇಳಿರಿ. ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು ಅಥವಾ ಬಿಳಿ ಮಚ್ಚೆಯಿದ್ದರೆ ತಡ ಮಾಡಲೇಬೇಡಿ. ಖರ್ಚಿನ ಚಿಂತೆಯಿದ್ದವರಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ನೀಡುವುದರಿಂದ ಸಮಯ ಹೆಚ್ಚು ಹಿಡಿದರೂ ಶುಲ್ಕ ಸಾಮಾನ್ಯವಾಗಿ ಕಡಿಮೆ.